ಬಾಗಿಲು ತೆರೆದ ಮೇಲೆ: ಪೂರ್ವ ಯುರೋಪ್, ವಿಯೆಟ್ನಾಂ ಮತ್ತು ನಮ್ಮ ಕಾಫಿ ಕಣ

ಹೋದ ತಿಂಗಳು ನಮ್ಮೂರ ಲೈಬ್ರರಿ ಹಾಲಲ್ಲಿ ಒಂದು ಸಂಜೆ ಮಾತಾಡಿದ್ದೆ, ಬಂದಿದ್ದೋರಲ್ಲಿ ಮುಕ್ಕಾಲು ಪಾಲು ಕಾಫಿ ಬೆಳೆಗಾರರು, ಉಳಿದೋರು ಡಿಗ್ರಿ ಕಾಲೇಜಿನ ಹುಡುಗ್ರು ಹುಡುಗೀರು. ಬರೋಕಾಗದೇ ಇದ್ದ ಕೆಲವರು ಅದನ್ನ ಬರೆದು ಕೊಡಿ ಅಂದ್ರು. ನೆನಪಿದ್ದಷ್ಟು ಇಲ್ಲಿದೆ, ಮಾತು ಹೇಗೆ ಬಂತೋ ಹಾಗೇ ಬಿಟ್ಟಿದೀನಿ.

ಎಲ್ಲರಿಗೂ ನಮಸ್ಕಾರ. 2002ರ ಫೆಬ್ರವರಿ ತಿಂಗಳು, ನಾನು ಎಂಎ ಮುಗಿಸಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ಆಗಿರಲಿಲ್ಲ, ಊರಿಗೆ ಬಂದಿದ್ದೆ. ಕಣದಲ್ಲಿ ರೊಬಸ್ಟಾ ಜಾತಿಯ ಕಾಫಿ ಚೆರ್ರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸೋ ಹಣ್ಣು, ಹರಡಿತ್ತು, ಅಪ್ಪ ಬರಿಗಾಲಲ್ಲಿ ಅದರ ಮೇಲೆ ಸಾಲು ಎಳೀತಾ ನಡೀತಿದ್ರು, ಚೆರ್ರಿ ಮಗುಚಬೇಕಲ್ಲ. ಆ ವರ್ಷ ಸಿಗ್ತಿದ್ದ ರೇಟಲ್ಲಿ ಕುಯ್ಲಿನ ಕೂಲಿ ಕೊಟ್ಟು ಗೊಬ್ಬರದ ಅಂಗಡಿ ಸಾಲ ತೀರಿಸೋಷ್ಟೂ ಉಳೀತಿರಲಿಲ್ಲ. ಅಪ್ಪ ಅರ್ಧದಲ್ಲಿ ನಿಂತು ಕೇಳಿದ್ರು, "ಮಗಾ, ಎಲ್ರೂ ವಿಯೆಟ್ನಾಂ ವಿಯೆಟ್ನಾಂ ಅಂತಾರಲ್ಲ, ಅವ್ರು ಯಾವಾಗಿಂದ ಕಾಫಿ ಬೆಳೆಯೋಕೆ ಶುರು ಮಾಡಿದ್ರು? ಹತ್ತು ವರ್ಷದ ಹಿಂದೆ ಅವರ ಹೆಸರೇ ಯಾರೂ ಎತ್ತುತಿರಲಿಲ್ಲ." ಎಂಎ ಮಾಡಿದ್ದ ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತು ನಾನು ಹೇಳೋದೆಲ್ಲ ಆ ಪ್ರಶ್ನೆಗೆ ಹುಡುಕ್ತಾ ಹೋದ ಉತ್ತರಾನೇ.

ಹುಡುಕ್ತಾ ಹೋದ್ರೆ ಅದು ಎಲ್ಲಿಗೆ ಹೋಗಿ ನಿಲ್ತು ಗೊತ್ತಾ? ಪೂರ್ವ ಜರ್ಮನಿಗೆ. 1975ರಲ್ಲಿ ಬ್ರೆಜಿಲಲ್ಲಿ ಹಿಮ ಬಿದ್ದು ಗಿಡ ಸುಟ್ಟು ಹೋಗಿ ಪ್ರಪಂಚದಲ್ಲೆಲ್ಲ ಕಾಫಿ ರೇಟು ಆಕಾಶಕ್ಕೆ ಹೋಯ್ತು, ಪೂರ್ವ ಜರ್ಮನಿ ಹತ್ರ ಡಾಲರ್ ಇಲ್ಲ, ಜನಕ್ಕೆ ಕಾಫಿ ಇಲ್ದೆ ಆಗಲ್ಲ. 1977ರಲ್ಲಿ ಸರ್ಕಾರ ಅರ್ಧ ಮಾತ್ರ ಕಾಫಿ ಇರೋ ಒಂದು ಮಿಕ್ಸ್ ಪುಡಿ ಬಿಡ್ತು, 51 ಪರ್ಸೆಂಟ್ ಕಾಫಿ, ಉಳಿದಿದ್ದು ಚಿಕೋರಿ, ರೈ, ಬೀಟ್ ಇಂಥವು. ನಮಗೆ ಚಿಕೋರಿ ಅಭ್ಯಾಸ ಇದೆ, ಅಲ್ಲಿ ಮಾತ್ರ ಜನ ರೊಚ್ಚಿಗೆದ್ರು. ಆಗ ಅವ್ರು ಒಂದು ದಾರಿ ಹುಡುಕಿದ್ರು. 1980ರಲ್ಲಿ ವಿಯೆಟ್ನಾಂ ಜೊತೆ ಒಪ್ಪಂದ, ನಿಮ್ಮ ಡಾಕ್ ಲಾಕ್ ಬೆಟ್ಟದಲ್ಲಿ ರೊಬಸ್ಟಾ ಹಾಕಿ, ಮೆಷೀನು ಲಾರಿ ಎಲ್ಲ ನಾವು ಕೊಡ್ತೀವಿ, ಬೆಳೆ ಬಂದಾಗ ಅದರಲ್ಲಿ ಪಾಲು ಕೊಡಿ ಅಂತ. ತೋಟ ಎಬ್ಬಿಸೋದು ನಿಮಗೆ ಹೇಳ್ಬೇಕಾ, ನೆಟ್ಟ ವರ್ಷಾನೇ ಫಸಲು ಬರಲ್ಲ. ಲೆಕ್ಕದ ಪ್ರಕಾರ ಸರಿಯಾದ ಫಸಲು ಕೈಗೆ ಬರ್ಬೇಕಿದ್ದಿದ್ದು 1990ರ ಹೊತ್ತಿಗೆ. 1990ರ ಅಕ್ಟೋಬರ್ 3ಕ್ಕೆ ಪೂರ್ವ ಜರ್ಮನಿ ಅನ್ನೋ ದೇಶಾನೇ ಇರಲಿಲ್ಲ. ಗಿಡ ಉಳೀತು, ಕೊಳ್ಳೋ ದೇಶ ಹೋಯ್ತು.

ಅಷ್ಟರಲ್ಲಿ ವಿಯೆಟ್ನಾಂ ತನ್ನ ಬಾಗಿಲು ತಾನೇ ತೆಗೆದಿತ್ತು. 1986ರ ಡಿಸೆಂಬರಲ್ಲಿ ಅವರ ಪಾರ್ಟಿ ಕಾಂಗ್ರೆಸ್ಸು 'ದೋಯ್ ಮೋಯ್' ಅಂತ, ಅಂದ್ರೆ ಹೊಸದು ಮಾಡೋಣ ಅಂತ, ಹೊಸ ನೀತಿ ತಂತು. 1988ರಲ್ಲಿ ಸಾಮೂಹಿಕ ಜಮೀನನ್ನ ಒಂದೊಂದು ಮನೆಗೂ ಹಂಚಿ ನೀವೇ ಬೆಳ್ಕೊಳ್ಳಿ ಅಂದ್ರು. ಅಲ್ಲಿವರೆಗೂ ಅಕ್ಕಿಗೆ ಬೇರೆಯವರ ಮುಖ ನೋಡ್ತಿದ್ದ ದೇಶ 1989ರಲ್ಲಿ ಸುಮಾರು 14 ಲಕ್ಷ ಟನ್ ಅಕ್ಕಿ ಎಕ್ಸ್‌ಪೋರ್ಟ್ ಮಾಡ್ತು. ಮಣ್ಣು ಅದೇ, ಮಳೆ ಅದೇ, ಜನ ಅವರೇ. ಕಾಫೀನೂ ಹಾಗೇ, 1990ರಲ್ಲಿ 60 ಕೆಜಿಯ ಸುಮಾರು 15 ಲಕ್ಷ ಚೀಲ ಇದ್ದಿದ್ದು 2000ದ ಹೊತ್ತಿಗೆ ಹತ್ತು ಪಟ್ಟಿನ ಹತ್ರ ಹೋಗಿ, ಕೊಲಂಬಿಯಾನ ಹಿಂದೆ ಹಾಕಿ ಬ್ರೆಜಿಲ್ ಆದ್ಮೇಲೆ ಎರಡನೇ ಸ್ಥಾನಕ್ಕೆ ಬಂತು. ಅಪ್ಪ ಕಣದಲ್ಲಿ ನಿಂತು ಕೇಳಿದ ಪ್ರಶ್ನೆಗೆ ಉತ್ತರ ಅದು.

ಈಗ ಥಿಯರಿ. ಭಯ ಬೀಳ್ಬೇಡಿ, ಎರಡೇ ನಿಮಿಷ.

ತುಲನಾತ್ಮಕ ಅನುಕೂಲ ಅಂತ ಪಿಯುಸಿ ಪುಸ್ತಕದಲ್ಲಿ ಓದಿರ್ತೀರಿ. 1817ರಲ್ಲಿ ರಿಕಾರ್ಡೋ ಅಂತ ಇಂಗ್ಲೆಂಡಿನವರು ಕೊಟ್ಟ ಲೆಕ್ಕ. ಒಂದಷ್ಟು ಬಟ್ಟೆ ಮಾಡೋಕೆ ಇಂಗ್ಲೆಂಡಲ್ಲಿ ವರ್ಷಕ್ಕೆ 100 ಆಳು ಬೇಕು, ಒಂದಷ್ಟು ವೈನ್ ಮಾಡೋಕೆ 120. ಪೋರ್ಚುಗಲ್‌ನಲ್ಲಿ ಅಷ್ಟೇ ಬಟ್ಟೆಗೆ 90, ಅಷ್ಟೇ ವೈನ್‌ಗೆ 80. ಪೋರ್ಚುಗಲ್ ಎರಡರಲ್ಲೂ ಮುಂದೆ. ಆದ್ರೂ ಪೋರ್ಚುಗಲ್ ವೈನ್ ಮಾಡಿ ಇಂಗ್ಲೆಂಡ್ ಬಟ್ಟೆ ಮಾಡಿ ಬದಲಾಯಿಸ್ಕೊಂಡ್ರೆ ಇಬ್ಬರಿಗೂ ಲಾಭ. ನಮ್ಮ ತೋಟದಲ್ಲೇ ನೋಡಿ, ಲೆಕ್ಕ ಬರೆಯೋ ರೈಟರ್ ಗಿಡದ ಚಿಗುರು ತೆಗೆಯೋದ್ರಲ್ಲೂ ಆಳುಗಳಿಗಿಂತ ಚುರುಕಾಗಿರಬಹುದು, ಹಾಗಂತ ಅವರನ್ನ ದಿನಾ ಚಿಗುರು ತೆಗೆಯೋಕೆ ಕಳಿಸಿದ್ರೆ ಆಳುಗಳ ಹಾಜರಿಯ ಚೆಕ್‌ರೋಲ್ ಯಾರು ಬರೀತಾರೆ? ಯಾವ ಕೆಲಸ ಬಿಟ್ರೆ ಕಮ್ಮಿ ನಷ್ಟ ಅನ್ನೋದೇ ಲೆಕ್ಕ. ಇದರಲ್ಲಿ ನನಗೆ ತಕರಾರಿಲ್ಲ, ಇದು ಸತ್ಯ. ನನ್ನ ತಕರಾರಿರೋದು ಈ ಲೆಕ್ಕದಲ್ಲಿ ಒಂದು ಕಾಲಂ ಇಲ್ಲ ಅನ್ನೋದಕ್ಕೆ. ಬಟ್ಟೆ ನೇಯ್ತಿದ್ದ ಪೋರ್ಚುಗಲ್‌ನವನು ದ್ರಾಕ್ಷಿ ತೋಟದವನು ಆಗೋಕೆ ಎಷ್ಟು ವರ್ಷ ಬೇಕು, ಅಲ್ಲಿವರೆಗೆ ಅವನ ಮನೇಲಿ ಏನು ಊಟ, ಅದನ್ನ ಯಾರೂ ಬರೆದಿಲ್ಲ. ಆ ಕಾಲಂ ತುಂಬಿಸಿ ತೋರಿಸಿದ್ದು 1990ರ ನಂತರದ ಪೂರ್ವ ಯುರೋಪ್.

ಅಲ್ಲಿ ಮುಂಚೆ ಹೇಗಿತ್ತು ಅಂದ್ರೆ, 1949ರಲ್ಲಿ ಕೋಮೆಕಾನ್ ಅಂತ ಸೋವಿಯತ್ ಒಕ್ಕೂಟದ ಸುತ್ತ ಒಂದು ವ್ಯಾಪಾರದ ಕೂಟ ಕಟ್ಕೊಂಡಿದ್ರು, ಯಾರು ಏನು ಮಾಡ್ಬೇಕು ಅಂತ ಕೂತು ತೀರ್ಮಾನ ಮಾಡೋದು. ಫೋರ್ಕ್‌ಲಿಫ್ಟ್ ಬಲ್ಗೇರಿಯಾ ಮಾಡ್ಲಿ, ಬಸ್ಸು ಹಂಗೇರಿ ಮಾಡ್ಲಿ, ಟ್ಯಾಂಕು ಆಗ ಚೆಕೊಸ್ಲೊವಾಕಿಯಾದ ಭಾಗವಾಗಿದ್ದ ಸ್ಲೊವಾಕಿಯಾ ಮಾಡ್ಲಿ ಹೀಗೆ. ಹಂಗೇರಿಯ ಇಕಾರುಸ್ ಬಸ್ ಕಂಪನಿ 80ರ ದಶಕದಲ್ಲಿ ವರ್ಷಕ್ಕೆ 10,000ಕ್ಕಿಂತ ಜಾಸ್ತಿ ಬಸ್ ಮಾಡ್ತಿತ್ತು, ಪ್ರಪಂಚದ ದೊಡ್ಡ ಬಸ್ ಫ್ಯಾಕ್ಟರಿಗಳಲ್ಲಿ ಒಂದು, ಮಾಸ್ಕೋದಿಂದ ಪೂರ್ವ ಬರ್ಲಿನ್‌ವರೆಗೂ ರೋಡಲ್ಲಿ ಅವೇ. ಹಾಗಿದ್ರೆ ಹಂಗೇರಿಗೆ ಬಸ್ಸಲ್ಲಿ ಅನುಕೂಲ ಇತ್ತಾ? ಹೇಳೋಕಾಗಲ್ಲ, ಯಾಕಂದ್ರೆ ಕಬ್ಬಿಣದ ರೇಟು, ಪೆಟ್ರೋಲ್ ರೇಟು, ಬಸ್ಸಿನ ರೇಟು ಯಾವುದೂ ನಿಜವಾದ ರೇಟಲ್ಲ. ಥರ್ಮಾಮೀಟರೇ ಕೆಟ್ಟಿದ್ರೆ ಜ್ವರ ಇದೆಯಾ ಇಲ್ವಾ ಅಂತ ಹೇಗೆ ಹೇಳೋದು.

1991ರ ಜನವರಿ 1ಕ್ಕೆ ಇನ್ಮೇಲೆ ವ್ಯಾಪಾರ ಎಲ್ಲ ಡಾಲರಲ್ಲಿ, ಪ್ರಪಂಚದ ಮಾರ್ಕೆಟ್ ರೇಟಲ್ಲಿ ಅಂತ ಆಯ್ತು. ಅದೇ ವರ್ಷ ಜೂನಲ್ಲಿ ಕೋಮೆಕಾನ್ ಮುಚ್ಚೋಯ್ತು, ಡಿಸೆಂಬರಲ್ಲಿ ಸೋವಿಯತ್ ಒಕ್ಕೂಟಾನೇ ಹೋಯ್ತು. ಬಸ್ಸು ಕೊಳ್ಳೋ ಗಿರಾಕಿ ಹತ್ರ ಡಾಲರ್ ಇಲ್ಲ, ಇದ್ದೋರಿಗೆ ಆ ಬಸ್ಸು ಬೇಡ. ಇಷ್ಟು ಬೇಗ ಇಷ್ಟು ದೊಡ್ಡ ಮಾರ್ಕೆಟ್ ಮಾಯ ಆಗಿದ್ದು ಯುದ್ಧ ಇಲ್ಲದ ಕಾಲದಲ್ಲಿ ಕಮ್ಮಿ.

ಆ ಹೊಡೆತ ನಮ್ಮ ಮನೆಗೂ ಬಿತ್ತು, ಇಲ್ಲಿ ಕೂತಿರೋ ಹಿರಿಯರಿಗೆ ನೆನಪಿರುತ್ತೆ. ನಮ್ಮ ದೇಶದ ಕಾಫಿ ದೊಡ್ಡ ಪಾಲು ಸೋವಿಯತ್ ಒಕ್ಕೂಟಕ್ಕೆ ಹೋಗ್ತಿತ್ತು, ರೂಪಾಯಿ ವ್ಯಾಪಾರ, ಡಾಲರ್ ಮಾತೇ ಇಲ್ಲ. ಆಗ ಬೆಳೆದ ಕಾಫಿಯನ್ನೆಲ್ಲ, ಎಲ್ಲರದ್ದೂ ಒಟ್ಟಿಗೆ ಸೇರಿಸಿ ಮಾರೋ ಕಾಫಿ ಬೋರ್ಡಿನ ಪೂಲ್‌ಗೆ ಕೊಡ್ಬೇಕು, ದುಡ್ಡು ಕಂತಲ್ಲಿ ಬರೋದು. 1989ರಲ್ಲಿ, ಯಾವ ದೇಶ ಎಷ್ಟು ರಫ್ತು ಮಾಡ್ಬೇಕು ಅಂತ ಇದ್ದ ಅಂತಾರಾಷ್ಟ್ರೀಯ ಕಾಫಿ ಕೋಟಾ ಮುರಿದುಬಿತ್ತು, 1991ರಲ್ಲಿ ಸೋವಿಯತ್ ಹೋಯ್ತು, 1992ರಿಂದ ಹಂತ ಹಂತವಾಗಿ ಬೆಳೆಗಾರರೇ ಮಾರ್ಕೋಬಹುದು ಅಂತ ಆಗಿ 1996ಕ್ಕೆ ಪೂಲಿಂಗ್ ಪೂರ್ತಿ ಹೋಯ್ತು. ಅಂದ್ರೆ ಪೋಲೆಂಡ್, ಹಂಗೇರಿ ಏನು ಅನುಭವಿಸಿದ್ವೋ ಅದರ ಒಂದು ಚಿಕ್ಕ ತುಂಡನ್ನ ಚಿಕ್ಕಮಗಳೂರು, ಕೊಡಗು, ಸಕಲೇಶಪುರದವರು ಅದೇ ವರ್ಷಗಳಲ್ಲಿ ಅನುಭವಿಸಿದೀವಿ. ಅದಕ್ಕೇ ನನಗೆ ಆ ದೇಶಗಳ ಕಥೆ ಪರದೇಶದ ಕಥೆ ಅನ್ಸೋದೇ ಇಲ್ಲ.

ಸರಿ, ಬಾಗಿಲು ತೆಗೆದ್ರು. ಮೊದಲ ದಿನ ಏನು ಕಾಣುತ್ತೆ? ಇಲ್ಲೊಬ್ರನ್ನ ನೆನೀಬೇಕು, ಬೇಲಾ ಬಲಾಸಾ ಅಂತ, 1928ರಲ್ಲಿ ಬುಡಾಪೆಸ್ಟಲ್ಲಿ ಹುಟ್ಟಿ 1956ರ ದಂಗೆ ಆದ್ಮೇಲೆ ದೇಶ ಬಿಟ್ಟು ಹೋದ ಅರ್ಥಶಾಸ್ತ್ರಜ್ಞರು. 1965ರಲ್ಲಿ ಅವರು ಒಂದು ಸುಲಭದ ಅಳತೆ ಕೊಟ್ರು. ಒಂದು ದೇಶದ ಒಟ್ಟು ರಫ್ತಲ್ಲಿ ಒಂದು ವಸ್ತುವಿನ ಪಾಲು ಎಷ್ಟು ಅಂತ ತಗೊಳ್ಳಿ, ಪ್ರಪಂಚದ ಒಟ್ಟು ರಫ್ತಲ್ಲಿ ಅದೇ ವಸ್ತುವಿನ ಪಾಲಿಂದ ಅದನ್ನ ಭಾಗಿಸಿ, ಒಂದಕ್ಕಿಂತ ಜಾಸ್ತಿ ಬಂದ್ರೆ ಆ ದೇಶಕ್ಕೆ ಆ ವಸ್ತುವಿನಲ್ಲಿ ಅನುಕೂಲ ಇದೆ ಅಂತ. ಇವತ್ತಿಗೂ ಎಲ್ಲರೂ ಇದನ್ನೇ ಬಳಸೋದು, ನಾನೂ ಕ್ಲಾಸಲ್ಲಿ ಇದನ್ನೇ ಮಾಡಿಸೋದು. ಆದ್ರೆ ಸೋವಿಯತ್ ಒಕ್ಕೂಟದಿಂದ ಹೊರಗೆ ಬಂದ ಎಸ್ಟೋನಿಯಾಗೆ ಬನ್ನಿ. 1992ರಲ್ಲಿ ತನ್ನದೇ ನಾಣ್ಯ ತಂದು ಅದರ ಬೆಲೆಯನ್ನ ಜರ್ಮನ್ ಮಾರ್ಕಿಗೆ ಕಟ್ಟಿ, ಆಮದು ಸುಂಕ ಹತ್ತಿರತ್ತಿರ ಪೂರ್ತಿ ತೆಗೆದು ಹಾಕಿದ ದೇಶ. ಆ ವರ್ಷಗಳ ರಫ್ತಿನ ಲೆಕ್ಕ ನೋಡಿದ್ರೆ ತಾಮ್ರ, ನಿಕ್ಕಲ್ ಥರದ ಲೋಹಗಳಲ್ಲಿ ಎಸ್ಟೋನಿಯಾ ದೊಡ್ಡ ಹೆಸರು. ಎಸ್ಟೋನಿಯಾದಲ್ಲಿ ತಾಮ್ರದ ಗಣಿ ಇಲ್ಲ, ನಿಕ್ಕಲ್ ಗಣಿನೂ ಇಲ್ಲ. ಪಕ್ಕದ ರಷ್ಯಾದಲ್ಲಿ ಲೋಹದ ರೇಟು ಹೊರಗಿನ ರೇಟಿಗಿಂತ ತುಂಬ ಕಮ್ಮಿ ಇತ್ತು, ಅಲ್ಲಿಂದ ತಂದು ಟಾಲಿನ್ ಬಂದರಲ್ಲಿ ಹಡಗಿಗೆ ಹಾಕಿದ್ದು ಅಷ್ಟೇ. ಬಲಾಸಾ ಅಳತೆ ತಪ್ಪಲ್ಲ, ಅದು ಕಂಡಿದ್ದನ್ನ ಹೇಳುತ್ತೆ. ಮೊದಲ ದಿನ ಕಂಡಿದ್ದನ್ನ ನಮ್ಮ ಹಣೆಬರಹ ಅನ್ಕೊಳ್ಳೋದು ತಪ್ಪು.

ಪೋಲೆಂಡಿನದ್ದು ಇನ್ನೂ ಬೇರೆ. 1990ರ ಜನವರಿ 1ಕ್ಕೆ ಬಾಲ್ಟ್ಸೆರೋವಿಚ್ ಅನ್ನೋ ಹಣಕಾಸು ಮಂತ್ರಿ ರೇಟು, ಆಮದು, ಕರೆನ್ಸಿ ಎಲ್ಲವನ್ನೂ ಒಂದೇ ಏಟಿಗೆ ಬಿಟ್ಟರು. ಜನ ಫುಟ್‌ಪಾತಲ್ಲಿ ಮಡಚೋ ಮಂಚ ಹಾಕ್ಕೊಂಡು ವ್ಯಾಪಾರಕ್ಕೆ ಕೂತ್ರು, ವಾರ್ಸಾದಲ್ಲಿ ಒಂದು ದೊಡ್ಡ ಹಳೇ ಸ್ಟೇಡಿಯಂ ಪೂರ್ತಿ ಸಂತೆಯಾಗಿ ಬದಲಾಯ್ತು, ಅಲ್ಲಿ ಬಟ್ಟೆ ಮಾರ್ತಿದ್ದೋರಲ್ಲಿ ತುಂಬ ಜನ ವಿಯೆಟ್ನಾಂನವರು. ಇನ್ನೊಂದು ಕಡೆ ಜರ್ಮನಿಯ ಬಟ್ಟೆ ಕಂಪನಿಗಳು ಕತ್ತರಿಸಿದ ಬಟ್ಟೆ ಕಳಿಸೋದು, ಪೋಲೆಂಡು ಹಂಗೇರಿ ಹೆಂಗಸರು ಹೊಲಿಯೋದು, ವಾಪಸ್ ಕಳಿಸೋದು. ಪೀಣ್ಯದಲ್ಲಿ ಇದಕ್ಕೆ ಜಾಬ್ ವರ್ಕ್ ಅಂತೀವಲ್ಲ, ಅದೇ. ಇದೂ ಮೊದಲ ದಿನದ ಅನುಕೂಲಾನೇ, ಕಮ್ಮಿ ಕೂಲಿ.

ಆಚೆ ಕಡೆಯವರ ಬಾಗಿಲು ಎಷ್ಟು ತೆರೆದಿತ್ತು ಅಂತಾನೂ ಹೇಳ್ಬೇಕು. 1991ರ ಡಿಸೆಂಬರಲ್ಲಿ ಪಶ್ಚಿಮ ಯುರೋಪಿನವರು ಪೋಲೆಂಡ್, ಹಂಗೇರಿ, ಚೆಕೊಸ್ಲೊವಾಕಿಯಾ ಜೊತೆ ಒಪ್ಪಂದ ಮಾಡ್ಕೊಂಡ್ರು, ಸುಂಕ ಇಳಿಸ್ತೀವಿ ಅಂತ, ಮೊದಲು ನಾವು ಇಳಿಸ್ತೀವಿ ನೀವು ನಿಧಾನಕ್ಕೆ ಇಳಿಸಿ ಅಂತ. ಅಷ್ಟು ಒಳ್ಳೇದೇ. ಆದ್ರೆ ಸೂಕ್ಷ್ಮ ವಸ್ತುಗಳು ಅಂತ ಒಂದು ಪಟ್ಟಿ ಇಟ್ಕೊಂಡು ಅವಕ್ಕೆ ತಡ ಮಾಡಿದ್ರು. ಯಾವ ವಸ್ತು? ಉಕ್ಕು, ಕಲ್ಲಿದ್ದಲು, ಬಟ್ಟೆ, ಹೊಲದ ಬೆಳೆ. ಆ ಬಡ ದೇಶಗಳು ಆಗ ಮಾರೋಕಾಗ್ತಿದ್ದಿದ್ದೇ ಅವು. ಮುಕ್ತ ವ್ಯಾಪಾರ ಅಂತ ಪಾಠ ಹೇಳ್ಕೊಡೋರು ಪಾಠದ ಮುಖ್ಯ ಪುಟಾನೇ ಮಡಚಿ ಇಟ್ಕೊಂಡಿದ್ರು, ಇದು ಅನ್ಯಾಯ ಅಂತಾನೇ ನಾನು ಹೇಳೋದು.

ಈಗ ಆ ಖಾಲಿ ಕಾಲಂಗೆ ಬರೋಣ. ಪೋಲೆಂಡಲ್ಲಿ ಪಿಜಿಆರ್ ಅಂತ ಸರ್ಕಾರಿ ಜಮೀನುಗಳಿದ್ವು, ಉತ್ತರ ಮತ್ತೆ ಪಶ್ಚಿಮದ ಕಡೆ ಜಾಸ್ತಿ, ಸಾವಿರಾರು ಎಕರೆ ಗದ್ದೆ, ಮಧ್ಯದಲ್ಲಿ ಕೆಲಸದವರಿಗೆ ಅಂತ ಮೂರು ನಾಲ್ಕು ಮಹಡಿಯ ಕಾಂಕ್ರೀಟ್ ಬ್ಲಾಕುಗಳು. ನಮ್ಮ ತೋಟದ ಲೈನ್ ಮನೆಗಳನ್ನ ನೆನಪಿಸ್ಕೊಳ್ಳಿ, ಅದೇ ಥರ, ಕೆಲಸ ಇದ್ರೆ ಮಾತ್ರ ಆ ಮನೆಗೆ ಅರ್ಥ. 1991ರಲ್ಲಿ ಕಾನೂನು ತಂದು ಆ ಜಮೀನುಗಳನ್ನೆಲ್ಲ ಮುಚ್ಚಿದ್ರು. ಕೆಲಸ ಹೋಯ್ತು, ಬಸ್ಸು ನಿಂತೋಯ್ತು, ಪೇಟೆ ದೂರ, ಮನೆ ಮಾರಿದ್ರೆ ಕೊಳ್ಳೋರಿಲ್ಲ. ದೇಶದ ಲೆಕ್ಕದಲ್ಲಿ ಪೋಲೆಂಡ್ ಎಲ್ಲರಿಗಿಂತ ಮುಂಚೆ ಚೇತರಿಸ್ಕೊಳ್ತು, 1996ರ ಹೊತ್ತಿಗೆ 1989ರ ಉತ್ಪಾದನೆಯ ಮಟ್ಟ ದಾಟಿತ್ತು, ಎಲ್ಲ ಪುಸ್ತಕದಲ್ಲೂ ಅದನ್ನೇ ಬರೀತಾರೆ. ಆದ್ರೆ ಬಾಗಿಲು ತೆಗೆದು ಹನ್ನೆರಡು ವರ್ಷ ಆದ್ಮೇಲೆ, 2002ರಲ್ಲಿ, ಅದೇ ಪೋಲೆಂಡಲ್ಲಿ ನಿರುದ್ಯೋಗ ನೂರಕ್ಕೆ 20ರ ಹತ್ರ ಇತ್ತು. ಅಪ್ಪ ಕಣದಲ್ಲಿ ನಿಂತು ವಿಯೆಟ್ನಾಂ ಎಲ್ಲಿಂದ ಬಂತು ಅಂತ ಕೇಳಿದ ವರ್ಷಾನೇ, ಆ ಕಾಂಕ್ರೀಟ್ ಬ್ಲಾಕಲ್ಲಿ ಯಾರದ್ದೋ ಅಪ್ಪ ಹತ್ತು ವರ್ಷದಿಂದ ಕೆಲಸ ಇಲ್ದೆ ಕೂತಿದ್ದ. ಸರಾಸರಿ ಲೆಕ್ಕದಲ್ಲಿ ಇವರು ಕಾಣಲ್ಲ.

ಹಾಗಂತ ಬಾಗಿಲು ಮುಚ್ಚೇ ಇರ್ಬೇಕಿತ್ತು ಅಂತ ನಾನು ಹೇಳ್ತಿಲ್ಲ, ಖಂಡಿತ ಇಲ್ಲ. ಹಂಗೇರಿಯ ಗ್ಯೋರ್ ಅನ್ನೋ ಊರು ನೋಡಿ. ಅಲ್ಲಿ ರಾಬಾ ಅಂತ ಹಳೇ ಕಂಪನಿ, ಇಕಾರುಸ್ ಬಸ್ಸಿಗೆ ಇಂಜಿನ್ನು, ಆಕ್ಸಲ್ ಮಾಡ್ಕೊಡ್ತಿತ್ತು. ಬಸ್ಸು ಬಿದ್ದೋಯ್ತು. ಆದ್ರೆ ಇಂಜಿನ್ ಮಾಡೋ ಕೈಗಳು ಆ ಊರಲ್ಲೇ ಇದ್ವಲ್ಲ, ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಗೊತ್ತಿದ್ದ ಟರ್ನರ್‌ಗಳು, ಫಿಟ್ಟರ್‌ಗಳು, ಅವರನ್ನ ತಯಾರು ಮಾಡ್ತಿದ್ದ ಶಾಲೆಗಳು. 1993ರಲ್ಲಿ ಆಡಿ ಕಂಪನಿ ರಾಬಾದ ಒಂದು ಶೆಡ್ಡನ್ನೇ ಕೊಂಡುಕೊಳ್ತು, ಇವತ್ತು ಅದು ಪ್ರಪಂಚದಲ್ಲೇ ದೊಡ್ಡ ಕಾರ್ ಇಂಜಿನ್ ಫ್ಯಾಕ್ಟರಿಗಳಲ್ಲಿ ಒಂದು. ಬಸ್ಸು ಸುಳ್ಳು ಅನುಕೂಲ ಆಗಿತ್ತು, ಬಸ್ಸಿನ ಒಳಗೆ ಒಂದು ನಿಜವಾದ ಅನುಕೂಲ ಅಡಗಿತ್ತು. ಸ್ಲೊವಾಕಿಯಾದ್ದೂ ಹೀಗೇ. ಮಾರ್ಟಿನ್ ಅನ್ನೋ ಊರಲ್ಲಿ ಟ್ಯಾಂಕು ಮಾಡ್ತಿದ್ರು, ಶೀತಲ ಸಮರ ಮುಗೀತು, ಊರೂರೇ ಕೆಲಸ ಕಳ್ಕೊಳ್ತು, ಹತ್ತು ವರ್ಷ ತುಂಬ ಕಷ್ಟ. 1991ರಲ್ಲಿ ಬ್ರಾತಿಸ್ಲಾವಾ ಹತ್ರ ಫೋಕ್ಸ್‌ವ್ಯಾಗನ್ ಬಂತು, 2006ರಲ್ಲಿ ಪೆಜೋ ಸಿಟ್ರನ್‌ನವರು ಟ್ರನಾವಾಗೆ, ಕಿಯಾದವರು ಝಿಲಿನಾಗೆ ಬಂದ್ರು, 2018ರಲ್ಲಿ ನಮ್ಮ ಟಾಟಾದವರ ಜಾಗ್ವಾರ್ ಲ್ಯಾಂಡ್ ರೋವರ್ ನಿತ್ರಾಗೆ ಹೋಯ್ತು. 54 ಲಕ್ಷ ಜನ ಇರೋ ದೇಶ, ಅಂದ್ರೆ ಬೆಂಗಳೂರಿನ ಅರ್ಧಾನೂ ಇಲ್ಲ, ವರ್ಷಕ್ಕೆ ಸುಮಾರು 10 ಲಕ್ಷ ಕಾರು ಮಾಡುತ್ತೆ, ತಲೆ ಲೆಕ್ಕದಲ್ಲಿ ಪ್ರಪಂಚಕ್ಕೇ ಫಸ್ಟ್. 1990ರಲ್ಲಿ ಕೂತು ಯಾರಾದ್ರೂ ಸ್ಲೊವಾಕಿಯಾದ ಅನುಕೂಲ ಕಾರು ಅಂತ ಹೇಳೋಕೆ ಆಗ್ತಿತ್ತಾ?

ಕಮ್ಮಿ ಕೂಲಿಯನ್ನೇ ನಂಬಿದ್ರೆ ಏನಾಗುತ್ತೆ ಅನ್ನೋದಕ್ಕೂ ಹಂಗೇರಿಯಲ್ಲೇ ಉದಾಹರಣೆ ಇದೆ. ಸೆಕೆಶ್‌ಫೆಹೆರ್ವಾರ್ ಅಂತ ಊರು, ಹೆಸರು ಹೇಳೋಕೆ ಕಷ್ಟ, ಅಲ್ಲಿ ಐಬಿಎಂನವರು 1995ರಲ್ಲಿ ಹಾರ್ಡ್ ಡಿಸ್ಕ್ ಜೋಡಿಸೋ ಫ್ಯಾಕ್ಟರಿ ಶುರು ಮಾಡಿದ್ರು, ಸಾವಿರಾರು ಜನಕ್ಕೆ ಕೆಲಸ, ಬಲಾಸಾ ಅಳತೆ ಹಾಕಿದ್ರೆ ಹಂಗೇರಿ ಕಂಪ್ಯೂಟರ್ ಭಾಗಗಳಲ್ಲಿ ಜೋರು. 2002ರಲ್ಲಿ ಮುಚ್ಚಿ ಏಷ್ಯಾ ಕಡೆ ಹೋದ್ರು. ಜೋಡಿಸೋ ಕೆಲಸ ಎಲ್ಲಿ ಕೂಲಿ ಕಮ್ಮಿನೋ ಅಲ್ಲಿಗೆ ಹೋಗುತ್ತೆ. ಗ್ಯೋರ್‌ನ ಇಂಜಿನ್ ಹೋಗಲಿಲ್ಲ, ಯಾಕಂದ್ರೆ ಅಲ್ಲಿ ಇದ್ದಿದ್ದು ಕೂಲಿ ಮಾತ್ರ ಅಲ್ಲ.

ಒಬ್ಬನೇ ಗಿರಾಕಿ ಇದ್ದಾಗಲೂ ಅಪಾಯಾನೇ. ಜಾರ್ಜಿಯಾ, ಮಾಲ್ಡೋವಾ ಎರಡೂ ವೈನ್ ದೇಶಗಳು, ಜಾರ್ಜಿಯಾದಲ್ಲಂತೂ ಸಾವಿರಾರು ವರ್ಷದಿಂದ ಮಣ್ಣಿನ ಗುಡಾಣ ಹೂತಿಟ್ಟು ವೈನ್ ಮಾಡ್ತಾರೆ, ಇದಕ್ಕಿಂತ ಗಟ್ಟಿ ಅನುಕೂಲ ಬೇಕಾ? ಆದ್ರೆ ಆಗ ಕೊಳ್ತಿದ್ದಿದ್ದು ಬಹುಪಾಲು ರಷ್ಯಾ. 2006ರಲ್ಲಿ ರಷ್ಯಾ ಎರಡೂ ದೇಶದ ವೈನನ್ನ ನಿಷೇಧ ಮಾಡ್ತು. ಜಾರ್ಜಿಯಾದವರು ಕಷ್ಟಪಟ್ಟು ಕ್ವಾಲಿಟಿ ಹೆಚ್ಚಿಸಿ ಬೇರೆ ಬೇರೆ ದೇಶಕ್ಕೆ ಮಾರೋದು ಕಲಿತ್ರು, ಕಲಿಯೋಕೆ ವರ್ಷಗಟ್ಟಲೆ ಹಿಡೀತು.

ಇನ್ನೊಂದು ಚಿಕ್ಕ ವಿಷಯ. ಎಸ್ಟೋನಿಯಾ 2004ರಲ್ಲಿ ಯುರೋಪ್ ಒಕ್ಕೂಟ ಸೇರೋವಾಗ ಸುಂಕ ಇಳಿಸ್ಲಿಲ್ಲ, ಏರಿಸ್ಬೇಕಾಯ್ತು, ಯಾಕಂದ್ರೆ ಒಕ್ಕೂಟದ ಸುಂಕವೇ ಇವರದಕ್ಕಿಂತ ಜಾಸ್ತಿ. ಸಕ್ಕರೆ ತುಟ್ಟಿ ಆಗುತ್ತೆ ಅಂತ ಜನ ಮೊದಲೇ ಮೂಟೆಗಟ್ಟಲೆ ತಂದು ಮನೇಲಿ ಇಟ್ಕೊಂಡ್ರು, ಅಲ್ಲಿ ಬೇಸಿಗೇಲಿ ಎಲ್ಲರ ಮನೇಲೂ ಹಣ್ಣಿನ ಜ್ಯಾಮ್ ಮಾಡ್ತಾರಲ್ಲ. ದೇಶದಲ್ಲಿ ಸಕ್ಕರೆ ದಾಸ್ತಾನು ಜಾಸ್ತಿ ಆಯ್ತು ಅಂತ ಒಕ್ಕೂಟ ಎಸ್ಟೋನಿಯಾಗೆ ದಂಡ ಹಾಕ್ತು. ಅಡುಗೆ ಮನೇಲಿ ಸಕ್ಕರೆ ಡಬ್ಬ ತುಂಬಿಸಿಟ್ಟ ಅಜ್ಜಿಯೂ ವ್ಯಾಪಾರ ನೀತಿಯ ಒಳಗೇ ಇದಾಳೆ.

ಮಾತು ಮುಗಿದ್ಮೇಲೆ ಒಬ್ಬ ಹುಡುಗ ಎದ್ದು ಕೇಳ್ದ, "ಮೇಡಂ, ಹಾಗಾದ್ರೆ ನಮ್ಮ ಅನುಕೂಲ ಏನು? ವಿಯೆಟ್ನಾಂ ಜೊತೆ ಆಗಲ್ಲ ಅಂದ್ರೆ ಕಾಫಿ ಬಿಟ್ಬಿಡ್ಬೇಕಾ?" ಒಳ್ಳೇ ಪ್ರಶ್ನೆ. ಎಕರೆ ಇಳುವರಿಯಲ್ಲಿ ಆಗಲ್ಲ, ಅವರದ್ದು ಬಿಸಿಲಲ್ಲಿ ಬೆಳೆದು, ನೀರು ಗೊಬ್ಬರ ಸುರಿದು, ನಮ್ಮದರ ಎರಡು ಪಟ್ಟಿಗೂ ಜಾಸ್ತಿ ತೆಗೀತಾರೆ. ನಮ್ಮದು ಮರದ ನೆರಳಲ್ಲಿ ನಿಧಾನಕ್ಕೆ ಹಣ್ಣಾಗೋ ಕಾಫಿ, ಕೈಯಲ್ಲಿ ಹಣ್ಣು ಆರಿಸಿ ಕುಯ್ಯೋರು ಇನ್ನೂ ಇದಾರೆ. ಒಳ್ಳೆ ಹಣ್ಣನ್ನ ಸಿಪ್ಪೆ ಬಿಡಿಸೋ ಪಲ್ಪರ್‌ಗೆ ಹಾಕಿ ತೊಳೆದು ಪಾರ್ಚ್‌ಮೆಂಟ್ ಮಾಡಿದ ರೊಬಸ್ಟಾಗೆ ಲಂಡನ್ ಮಾರ್ಕೆಟ್ಟಿನ ರೊಬಸ್ಟಾ ರೇಟಿಗಿಂತ ಮೇಲೆ ಕೊಡ್ತಾರೆ, ನಮ್ಮ ಕಾಫಿ ಅತಿ ಹೆಚ್ಚು ಹೋಗೋದು ಇಟಲಿಗೆ, ಅವರ ಎಸ್ಪ್ರೆಸೊ ಬ್ಲೆಂಡಿಗೆ. ಇದು 1996ರಲ್ಲಿ ಪೂಲಿಂಗ್ ಹೋದ ದಿನ ಯಾರಿಗೂ ಅಷ್ಟು ಕಂಡಿರಲಿಲ್ಲ, ಕಾಣೋಕೆ ಟೈಮ್ ಹಿಡೀತು.

ಅಪ್ಪನೂ 2003ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಪಲ್ಪರ್ ತಂದ್ರು. ಮೊದಲೆರಡು ವರ್ಷ ಹುದುಗು ಜಾಸ್ತಿಯಾಗಿ ಕಾಳು ವಾಸನೆ ಬಂತು, ತೊಳೆದಿದ್ದಕ್ಕೂ ಚೆರ್ರಿ ರೇಟೇ ಸಿಕ್ತು. ನಾಲ್ಕನೇ ವರ್ಷ ಕೈ ಕುದುರ್ತು, ಅವತ್ತಿಂದ ರೇಟು ಬಂತು. ಆ ನಾಲ್ಕು ವರ್ಷ ಮನೆ ನಡೆದಿದ್ದು ನನ್ನ ಸಂಬಳದಲ್ಲಿ. ನಮ್ಮ ಪಕ್ಕದ ತೋಟದವರಿಗೆ ನಮ್ಮಷ್ಟೇ ಎಕರೆ, ನಮ್ಮದಕ್ಕಿಂತ ಒಳ್ಳೆ ನೆರಳು, ಹೊಳೆ ನೀರು ಬಾಗಿಲಲ್ಲೇ. ಅವರ ಮನೇಲಿ ಸಂಬಳ ತರೋರು ಯಾರೂ ಇರಲಿಲ್ಲ. 2004ರ ಮಾರ್ಚಲ್ಲಿ ತೋಟ ಮಾರಿ ಹೊರಟಾಗ, ಅವರೂ ಪಲ್ಪರ್‌ಗೆ ಅಂತ ಕೊಟ್ಟಿದ್ದ ಅಡ್ವಾನ್ಸ್ ರಸೀದಿ ಅಪ್ಪನ ಕೈಗೆ ಕೊಟ್ಟು, "ನಿಮಗೆ ಉಪಯೋಗಕ್ಕೆ ಬಂದ್ರೆ ತಗೊಳಿ ಅಣ್ಣ" ಅಂದ್ರು.